ಒಂಬತ್ತನೇ ಮರದ ಸಂಬಂಧಿ

ನಮ್ಮ ದೋಣಿಘಟ್ಟದ ಓಣಿಗೆ ಯಾರಾದರೂ ನಗುತ್ತಾ ಬಂದು ಏನನ್ನಾದರೂ ಪುಕ್ಕಟೆಯಾಗಿ ಕೊಟ್ಟರೆ, ಜನ ಮೊದಲು ಬಾಗಿಲಿಗೆ ಚಿಲಕ ಹಾಕುತ್ತಾರೆ. ಆಮೇಲೆ ಕಿಟಕಿಯಿಂದ ನೋಡುತ್ತಾರೆ. ಅದಾದ ಮೇಲೆ ನನ್ನ ಕಾಫಿ ಗಾಡಿಗೆ ಬಂದು, ನೋಡಿದ್ದನ್ನು ಎರಡರಷ್ಟು ಮಾಡಿ ಹೇಳುತ್ತಾರೆ. ಹದಿನೈದು ವರ್ಷದಿಂದ ಇಲ್ಲಿ ಐಸ್ ಕಾಫಿ ಮಾರುತ್ತಿರುವ ನನಗೆ ಈ ಓಣಿಯ ಅನುಮಾನಗಳ ಬಗ್ಗೆ ಗೌರವವಿದೆ. ಅವು ಸಾಮಾನ್ಯವಾಗಿ ಸುಳ್ಳಾಗುತ್ತವೆ, ಆದರೆ ತಡವಾಗಿ ಮಾತ್ರ ಎಂದೂ ಬಂದಿಲ್ಲ.

ನನ್ನ ಗಾಡಿ ನಿಲ್ಲುವುದು ಒಂದು ದೊಡ್ಡ ಮಳೆಮರದ ಕೆಳಗೆ. ಅದೇ ಮರದ ಇನ್ನೊಂದು ಮಗ್ಗುಲಲ್ಲಿ ಪ್ರಯೂನನ ಕ್ಷೌರದಂಗಡಿ. ಅಂಗಡಿ ಎಂದರೆ ಒಂದು ಕುರ್ಚಿ, ಕಾಂಡಕ್ಕೆ ಮೊಳೆ ಹೊಡೆದು ನೇತುಹಾಕಿದ ಕನ್ನಡಿ, ಬೇರಿನ ಸಂದಿಯಲ್ಲಿ ಪೌಡರ್ ಡಬ್ಬಿ. ಗೋಡೆಯೂ ಇಲ್ಲ, ಮಾಡೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಎರಡನ್ನೂ ಆ ಮರವೇ ನೋಡಿಕೊಂಡು ಬಂದಿತ್ತು.

ಪ್ರಯೂನನ ಕೂದಲಿನ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ನಮ್ಮ ದೇಶದ ಎಲ್ಲ ಗಂಡುಮಕ್ಕಳಂತೆ ಅವನೂ ಸೈನ್ಯದ ಚೀಟಿ ಎತ್ತಲು ಹೋಗಿದ್ದ. ಕಪ್ಪು ಚೀಟಿ ಬಂದರೆ ಮನೆಗೆ, ಕೆಂಪು ಬಂದರೆ ಬ್ಯಾರಕ್ಕಿಗೆ. ಅವನಿಗೆ ಕೆಂಪು ಬಂತು. ಅಲ್ಲೇ ಮೂರ್ಛೆ ಹೋದ. ಅವನು ಹೇಳುವ ಪ್ರಕಾರ, ಎಚ್ಚರವಾಗುವಷ್ಟರಲ್ಲಿ ತಲೆ ಬೋಳಾಗಿತ್ತು. ಎರಡು ವರ್ಷ ಸೈನ್ಯದಲ್ಲಿ ಬಂದೂಕಿನ ಬದಲು ಕತ್ತರಿ ಹಿಡಿದು ಬೇರೆಯವರ ತಲೆ ಬೋಳಿಸಿದ. ಊರಿಗೆ ಮರಳಿದ ದಿನ, ಇನ್ನು ತನ್ನ ತಲೆಗೆ ತನ್ನದಲ್ಲದೆ ಬೇರೆ ಯಾರ ಕತ್ತಿಯೂ ತಾಗಕೂಡದು ಎಂದು ಶಪಥ ಮಾಡಿದ. ಅಂದಿನಿಂದ ಸಾಕಿದ ಆ ಕೂದಲು ಹಣೆಯ ಮೇಲೆ ಮೂರು ಬೆರಳು ಎತ್ತರಕ್ಕೆ ಎದ್ದು, ಹಿಂದಕ್ಕೆ ಬಾಗಿ, ಎಣ್ಣೆಯಲ್ಲಿ ಹೊಳೆಯುತ್ತಾ ನಿಂತಿತ್ತು. ಅವನ ಅಂಗಡಿಗೆ ಅದೇ ಬೋರ್ಡು. ಮನೆಗೆ ಬೆಂಕಿ ಬಿದ್ದರೆ ಅವನು ಮೊದಲು ಹೊರಗೆ ತರುವುದು ಬಾಚಣಿಗೆಯನ್ನು ಎಂದು ಹೆಂಡತಿ ಲಮ್ಯಾಯ್ ಹೇಳುತ್ತಿದ್ದಳು.

ಬುಧವಾರ ನಮ್ಮಲ್ಲಿ ಯಾರೂ ಕೂದಲು ಕತ್ತರಿಸುವುದಿಲ್ಲ, ಕೆಟ್ಟದ್ದಾಗುತ್ತದೆ. ಹಾಗಾಗಿ ಬುಧವಾರ ಪ್ರಯೂನನಿಗೆ ರಜೆ. ಒಂದು ಗುರುವಾರ ಬೆಳಿಗ್ಗೆ ಬಂದು ನೋಡಿದರೆ, ಮರದ ಸೊಂಟಕ್ಕೆ ಯಾರೋ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ ಹೋಗಿದ್ದರು. ಅದರ ಮೇಲೆ ದೊಡ್ಡದಾಗಿ ಒಂಬತ್ತು ಎಂದು ಬರೆದಿತ್ತು.

ಪ್ರಯೂನ್ ಅದನ್ನು ಮುಟ್ಟಲಿಲ್ಲ. ಸುತ್ತ ಎರಡು ಬಾರಿ ಬಂದ. ಆಮೇಲೆ ನನ್ನ ಗಾಡಿಯ ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದ ಬುನ್‌ಲೂ ಮೇಷ್ಟ್ರನ್ನು ಕರೆದ. ಮೇಷ್ಟ್ರು ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅವರಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿರಲಿಲ್ಲ.

"ನಂಬರ್ ಯಾಕೆ ಹಾಕ್ತಾರೆ ಹೇಳು?" ಎಂದರು ಮೇಷ್ಟ್ರು. "ಹಂದಿಗೂ ಹಾಕ್ತಾರೆ. ಆಮೇಲೆ ಹಂದಿ ಕಾಣಲ್ಲ."

"ಅಂದ್ರೆ ಕಡೀತಾರಾ ಮೇಷ್ಟ್ರೇ?"

"ಒಂಬತ್ತು ಶುಭ ಸಂಖ್ಯೆ ಅಲ್ವೇನೋ? ಸುಮ್‌ಸುಮ್ನೆ ಯಾರಾದ್ರೂ ಶುಭ ಸಂಖ್ಯೆ ಕೊಡ್ತಾರಾ? ಅದರಲ್ಲೇ ಇದೆ ಮೋಸ."

ಪ್ರಯೂನನ ಮುಖ ಬಿಳುಚಿಕೊಂಡಿತು. ಮರ ಹೋದರೆ ಕನ್ನಡಿಯನ್ನು ಎಲ್ಲಿ ನೇತುಹಾಕುವುದು? ಬಿಸಿಲಲ್ಲಿ ಯಾವ ಗಿರಾಕಿ ಕೂರುತ್ತಾನೆ?

ಅಷ್ಟರಲ್ಲಿ ಬಂದಳು ಪಿಮ್‌ದಾವ್. ಬ್ಯಾಂಕಾಕಿನ ಕಲಾವಿದೆ, ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಒಂದು ತಗಡಿನ ಡಬ್ಬ, ಬಗಲಲ್ಲಿ ಒಂದು ಪುಸ್ತಕ, ಮುಖದ ತುಂಬ ನಗು. ಓಣಿಯ ನಾಲ್ಕು ಬಾಗಿಲುಗಳು ಒಟ್ಟಿಗೆ ಮುಚ್ಚಿಕೊಂಡವು.

"ಭಯ ಪಡ್ಬೇಡಿ, ಇದೊಂದು ಕಲೆ," ಎಂದಳು ಅವಳು. "ಜೀವಂತ ಮರಗಳ ಕಲೆ. ನಾವೆಲ್ಲ ಮರಗಳನ್ನ ಮರ್ತುಬಿಟ್ಟಿದೀವಿ. ಅದಕ್ಕೇ ಊರಲ್ಲಿ ನಲವತ್ತು ಮರ ಆರಿಸಿದೀನಿ. ಒಂದೊಂದು ಮರಕ್ಕೂ ಒಬ್ಬ ಸಂಬಂಧಿ. ಒಂದು ವರ್ಷ ಅವರು ದಿನಾ ಅದರ ಜತೆ ಕೂತು ಮಾತಾಡ್ಬೇಕು, ಅಷ್ಟೇ."

"ಕಲೆ ಅಂದ್ರೆ ಚೌಕಟ್ಟು ಇರ್ಬೇಕಲ್ವಾ?" ಎಂದರು ಮೇಷ್ಟ್ರು.

"ಮರಾನೇ ಕಲೆ ಸಾರ್. ಅದರ ಕೆಳಗೆ ಕೂತಿರೋ ನೀವೂ ಕಲೆನೇ."

"ನಾನು ನಿವೃತ್ತ ಮೇಷ್ಟ್ರು ಕಣಮ್ಮ," ಎಂದು ಅವರು ಪತ್ರಿಕೆಯನ್ನು ಎದೆಗೆ ಅಡ್ಡ ಹಿಡಿದರು.

ಪಿಮ್‌ದಾವ್ ಡಬ್ಬದ ಮುಚ್ಚಳ ತೆಗೆದು ಮುಂದೆ ಚಾಚಿದಳು. "ಎಲ್ರೂ ಒಂದೊಂದು ಚೀಟಿ ಎತ್ತಿ. ಒಂಬತ್ತು ಬಂದವರು ಈ ಮರದ ಸಂಬಂಧಿ."

ಡಬ್ಬದೊಳಗಿನ ಚೀಟಿಗಳೆಲ್ಲ ಕೆಂಪು. ಹೆಂಗಸರು ಸೈನ್ಯದ ಚೀಟಿ ಎತ್ತುವುದಿಲ್ಲ. ಪಾಪ, ಅವಳಿಗೆ ಕೆಂಪು ಎಂದರೆ ಹಬ್ಬದ ಬಣ್ಣ. ಗಂಡಸರು ಮಾತ್ರ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಅರವತ್ತೊಂಬತ್ತು ವರ್ಷದ ಮೇಷ್ಟ್ರು ತಮಗೆ ಮಂಡಿನೋವಿದೆ, ಡಾಕ್ಟರ ಪತ್ರ ಮನೆಯಲ್ಲಿದೆ ಎಂದರು. ನಾನು ಹಾಲು ಉಕ್ಕುತ್ತಿದೆ ಎಂದು ಗಾಡಿಯ ಹಿಂದೆ ಬಗ್ಗಿದೆ. ನನ್ನದು ಡಬ್ಬಿ ಹಾಲು, ಅದು ಉಕ್ಕುವುದಿಲ್ಲ. ಕೊನೆಗೆ ಎಂಬತ್ತೊಂದು ವರ್ಷದ ಕೇವ್ ಅಜ್ಜಿ, "ಥೂ ನಿಮ್ಮ ಗಂಡಸ್ತನಕ್ಕಿಷ್ಟು!" ಎಂದು ಕೈ ಹಾಕಿದಳು. ಖಾಲಿ ಚೀಟಿ. ಆ ಅವಮಾನ ತಾಳಲಾರದೆ ಪ್ರಯೂನನೂ ಕೈ ಹಾಕಿದ.

ಬಂದದ್ದು ಒಂಬತ್ತು. ಪ್ರಯೂನ್ ಮೂರ್ಛೆ ಹೋಗಲಿಲ್ಲ. ಕುರ್ಚಿ ಹತ್ತಿರದಲ್ಲೇ ಇತ್ತು, ಅದರ ಮೇಲೆ ಕುಸಿದ. ಪಿಮ್‌ದಾವ್ ಪುಸ್ತಕ ತೆರೆದು ಪೆನ್ನು ಕೊಟ್ಟಳು. ಹೆಸರು, ವಿಳಾಸ, ಮರದೊಂದಿಗೆ ಸಂಬಂಧ. ಮೊದಲೆರಡನ್ನು ಬರೆದವನು ಮೂರನೆಯದರ ಮುಂದೆ ನಿಂತುಬಿಟ್ಟ. ಮೇಷ್ಟ್ರು ಕಿವಿಯಲ್ಲಿ, "ಏನೂ ಒಪ್ಕೋಬೇಡ," ಎಂದರು. ಇಪ್ಪತ್ತೆರಡು ವರ್ಷ ಆ ಮರದ ಕೆಳಗೆ ಅನ್ನ ತಿಂದ ಮನುಷ್ಯ ಅದರ ಎದುರಿನಲ್ಲೇ ದುಂಡಗೆ ಬರೆದ: ಪರಿಚಯವಿಲ್ಲ.

"ಈ ಕುರ್ಚಿ, ಕನ್ನಡಿ ನಿಮ್ದಲ್ವಾ?" ಎಂದು ಕೇಳಿದಳು ಪಿಮ್‌ದಾವ್.

"ಕುರ್ಚಿ ನಂದು. ಮರ ಯಾರ್ದೋ."

ಅವಳು ನಗುತ್ತಲೇ ಹೋದಳು. ಅವಳು ನಕ್ಕಷ್ಟೂ ಓಣಿಯ ಅನುಮಾನ ಗಟ್ಟಿಯಾಯಿತು.

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದ ಮೇಷ್ಟ್ರ ಕೂಗು ನದಿಯ ಆಚೆ ದಡಕ್ಕೆ ಕೇಳಿಸಿತು. ಒಂಬತ್ತರ ಪಟ್ಟಿ ಅವರ ಗೇಟಿನ ಪಕ್ಕದ ಅರೆನೆಲ್ಲಿ ಗಿಡಕ್ಕೆ ಕಟ್ಟಿತ್ತು. ಪ್ರಯೂನ್ ಅಂದು ಅಂಗಡಿ ತೆರೆಯುವಾಗ ಯಾವತ್ತೂ ಇಲ್ಲದ ಹಾಗೆ ಸಿಳ್ಳೆ ಹಾಕುತ್ತಿದ್ದ. ಮೇಷ್ಟ್ರು ಪಟ್ಟಿ ಬಿಚ್ಚಿ ಮಡಚಿ ಜೇಬಿಗಿಟ್ಟುಕೊಂಡರು. ಶನಿವಾರ ಪಟ್ಟಿ ಕೇವ್ ಅಜ್ಜಿಯ ಹುಣಸೆಮರದ ಮೇಲಿತ್ತು. ಅಜ್ಜಿ ನ್ಯಾಯ ಕೇಳಲು ಹೋಗುವವಳಲ್ಲ. ಸ್ಟೂಲು ತಂದು ಹತ್ತಿ ತಾನೇ ಬಿಚ್ಚಿದಳು. ಭಾನುವಾರ ಅದು ನಮ್ಮ ಮನೆಯ ಸೀಬೆಗಿಡದ ಮೇಲಿತ್ತು. ಆ ಗಿಡಕ್ಕೆ ಪಟ್ಟಿ ಎರಡು ಸುತ್ತು ಬಂದು ಇನ್ನೂ ಮಿಕ್ಕಿತ್ತು. ಆಮೇಲೆ ಏನಾಯಿತೋ ಹೇಗಾಯಿತೋ, ಸದ್ಯಕ್ಕೆ ಆ ಮಾತು ಬೇಡ, ಸೋಮವಾರ ಬೆಳಕು ಹರಿದಾಗ ಪಟ್ಟಿ ಮಳೆಮರದ ಪಕ್ಕದ ಕರೆಂಟ್ ಕಂಬದ ಮೇಲಿತ್ತು.

ಓಣಿಗೆ ನೆಮ್ಮದಿಯಾಯಿತು. ಕಂಬ ಯಾರ ಪೈಕಿಯೂ ಅಲ್ಲ.

ಅಂದು ಮಧ್ಯಾಹ್ನ ಪುರಸಭೆಯ ಒಬ್ಬ ಗುಮಾಸ್ತ ಬಂದ. ಕಂಬ ನೋಡಿದ, ಪಟ್ಟಿ ನೋಡಿದ, ನನ್ನ ಬಳಿ ಕಾಫಿ ಕುಡಿದ, ಏನೋ ಬರೆದುಕೊಂಡು ಹೋದ. ಏನು ಬರೆದುಕೊಂಡ ಎಂದು ತಿಳಿದದ್ದು ಮಂಗಳವಾರ, ಪಿಮ್‌ದಾವ್ ಓಡುತ್ತಾ ಬಂದಾಗ. ಈ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ. ಹಾಗಾಗಿ ಎಲ್ಲರೂ ಬಾಗಿಲು ತೆರೆದು ಹೊರಗೆ ಬಂದರು.

"ಪಟ್ಟಿ ಯಾರ್ರೀ ಬಿಚ್ಚಿದ್ದು?" ಅವಳ ದನಿ ನಡುಗುತ್ತಿತ್ತು. "ಪಟ್ಟಿ ಕಟ್ಟಿರೋ ಮರ ಮುಟ್ಟಲ್ಲ ಅಂತ ಪುರಸಭೆಯವರನ್ನ ಒಪ್ಪಿಸಿದ್ದೆ! ಉಳಿದಿದ್ದನ್ನೆಲ್ಲ ತಂತಿಗೆ ಅಡ್ಡ ಅಂತ ನಾಳೆ ಕರೆಂಟಿನವರು ಬಂದು ಬೋಳಿಸ್ತಾರೆ. ಒಂದೆರಡು ರೆಂಬೆ ಅಲ್ಲ, ಬರೀ ಮೋಟು ಉಳಿಯೋ ಹಾಗೆ!"

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ತಾಯಿ?" ಎಂದ ಪ್ರಯೂನ್.

"ಹೇಳಿದ್ರೆ ನಂಬ್ತಿದ್ರಾ?"

ಬೆಂಚು ಯೋಚಿಸಿತು. "ಇಲ್ಲ," ಎಂದರು ಮೇಷ್ಟ್ರು.

ಪ್ರಯೂನ್ ಪುರಸಭೆಗೆ ಓಡಿದ. ನಾನೂ ಜತೆಗೆ ಹೋದೆ, ನನಗೂ ಕಾರಣಗಳಿದ್ದವು. ಅದೇ ಗುಮಾಸ್ತ ಕಡತ ತೆರೆದು ಗಟ್ಟಿಯಾಗಿ ಓದಿದ: "ಕ್ರಮ ಸಂಖ್ಯೆ ಒಂಬತ್ತು. ವಿದ್ಯುತ್ ಕಂಬ. ಯಥಾಸ್ಥಿತಿಯಲ್ಲಿ ಸಂರಕ್ಷಿಸತಕ್ಕದ್ದು."

"ಅದು ಕಂಬ ಸ್ವಾಮಿ! ಅದನ್ನ ಯಾಕೆ ಕಾಪಾಡ್ತೀರಾ?"

"ಪಟ್ಟಿ ಕಟ್ಟಿತ್ತಲ್ಲ."

"ತಪ್ಪಾಗಿ ಕಟ್ಟಿದ್ದು. ಮರಕ್ಕೆ ಅಂತ ಬರ್ಕೊಳಿ."

"ಮೊಹರು ಬಿದ್ದಾಯ್ತು. ಇನ್ನೊಂದ್ ವಿಷ್ಯ, ಕಂಬ ಸಂರಕ್ಷಿಸ್ಬೇಕಾದ್ರೆ ಅದಕ್ಕೆ ತಾಗ್ತಿರೋ ರೆಂಬೆಗಳನ್ನ ಮೊದಲು ತೆಗೀಬೇಕಾಗುತ್ತೆ. ಪಕ್ಕದಲ್ಲಿ ಒಂದು ದೊಡ್ಡ ಮಳೆಮರ ಇದೆ, ನೋಡಿದೀನಿ. ಅಪಾಯ. ನಾಳೆ ಬೆಳಿಗ್ಗೆ ಮೊದಲು ಅದೇ." ಇಷ್ಟು ಹೇಳಿ ಅವನು, ಪುರಸಭೆ ಎಷ್ಟು ಕಾಳಜಿಯಿಂದ ಕೆಲಸ ಮಾಡುತ್ತದೆ ನೋಡಿ ಎಂಬಂತೆ ನಮ್ಮನ್ನು ನೋಡಿದ.

ಪ್ರಯೂನ್ ಮರಳಿ ಬಂದು ತನ್ನ ಕುರ್ಚಿಯ ಮೇಲೆ ತಾನೇ ಕುಳಿತ. ಕನ್ನಡಿ ಎದುರಿಗಿದ್ದರೂ ಬಾಚಣಿಗೆ ತೆಗೆಯಲಿಲ್ಲ. ಆಗಲೇ ನಮಗೆ ವಿಷಯ ಗಂಭೀರ ಎಂದು ತಿಳಿದದ್ದು.

"ನಾನೇ ಬಿಚ್ಚಿದ್ದು," ಎಂದ ಅವನು. "ಸೈನ್ಯದಿಂದ ಬಂದಾಗ ಒಂದು ರಾತ್ರಿ ಮಲಗೋಕೂ ಯಾರೂ ಜಾಗ ಕೊಡ್ಲಿಲ್ಲ. ಇದು ಕೊಡ್ತು. ಇದನ್ನೇ ನಾನು ಗೊತ್ತಿಲ್ಲ ಅಂದ್ಬಿಟ್ಟೆ." ಅವನ ಕಣ್ಣು ತುಂಬಿತ್ತು. ನಾನು ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಮೇಷ್ಟ್ರು ಪತ್ರಿಕೆಯನ್ನು ತಲೆಕೆಳಗಾಗಿ ಓದುತ್ತಿದ್ದರು.

ಮರಕ್ಕೂ ಕಂಬಕ್ಕೂ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಹಾಕುತ್ತಿದ್ದ ಲಮ್ಯಾಯ್ ತಿರುಗಿ ನೋಡಿದಳು. "ಅತ್ತರೆ ಗರಗಸ ನಿಲ್ಲುತ್ತಾ? ಎದ್ದು ಹೋಗಿ ದೊಡ್ಡ ಗುರುಗಳ ಕಾಲು ಹಿಡೀರಿ. ಕಾಡಿನ ಕಡೆ ಮರಗಳಿಗೆ ಸನ್ಯಾಸ ಕೊಡಿಸ್ತಾರಲ್ಲ, ಹಂಗೆ ಇದಕ್ಕೂ ಕೊಡಿಸಿ. ಕಾವಿ ಸುತ್ತಿದ ಮೇಲೆ ಯಾವನು ಕೈ ಹಚ್ತಾನೆ ನೋಡೇಬಿಡೋಣ."

ವಿಹಾರದ ದೊಡ್ಡ ಗುರುಗಳು ಎಲ್ಲ ಕೇಳಿಸಿಕೊಂಡು, "ನಾಳೆ ಭಿಕ್ಷೆ ಮುಗಿಸ್ಕೊಂಡು ಬರ್ತೀನಿ," ಎಂದರಷ್ಟೇ. ನಾವು ಹೊರಡುವಾಗ ಪ್ರಯೂನನ ತಲೆಯ ಕಡೆ ಒಂದು ಸಲ ನೋಡಿದರು. ಆ ನೋಟ ನನಗೆ ಸರಿಬರಲಿಲ್ಲ.

ಬುಧವಾರ ಬೆಳಿಗ್ಗೆ ಓಣಿಯ ಈ ತುದಿಯಿಂದ ಗುರುಗಳೂ ನಾಲ್ವರು ಭಿಕ್ಷುಗಳೂ ಬಂದರು. ಆ ತುದಿಯಿಂದ ಏಣಿ ಹೊತ್ತ ಲಾರಿ ಬಂತು. ಎರಡೂ ಮರದ ಬುಡದಲ್ಲಿ ಎದುರಾದವು. ಲಾರಿಯಿಂದ ಇಳಿದ ಮೇಸ್ತ್ರಿ ಸುತಿನ್ ಹಳದಿ ಹೆಲ್ಮೆಟ್ ತೆಗೆದು ಗುರುಗಳಿಗೆ ನಮಸ್ಕರಿಸಿ, ಮತ್ತೆ ಹೆಲ್ಮೆಟ್ ಹಾಕಿಕೊಂಡು ಯಂತ್ರದ ಗರಗಸ ಎತ್ತಿಕೊಂಡ.

"ನಿಲ್ಲಪ್ಪಾ! ಈ ಮರ ಸನ್ಯಾಸ ತಗೋತಿದೆ!" ಎಂದ ಪ್ರಯೂನ್.

"ತಗೋತಿದೆ, ಇನ್ನೂ ತಗೊಂಡಿಲ್ವಲ್ಲ?" ಎಂದ ಸುತಿನ್.

ಆಗ ಕೇವ್ ಅಜ್ಜಿ ಬಾಯಿ ಹಾಕಿದಳು. ಸಹಾಯ ಮಾಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. "ಅಲ್ಲಾ, ತಲೆ ಬೋಳಿಸದೆ ಸನ್ಯಾಸ ಎಲ್ಲಾದ್ರೂ ಉಂಟಾ? ನನ್ನ ಮೂರು ಮಕ್ಕಳಿಗೂ ಬೋಳಿಸಿದ್ರು. ಇದಕ್ಕೂ ಆಗ್ಲೇಬೇಕು."

ಜನ ಹೌದು ಹೌದು ಎಂದರು. ಶಾಸ್ತ್ರ ಶಾಸ್ತ್ರವೇ.

"ಅಜ್ಜಿ ಹೇಳೋದು ನ್ಯಾಯ," ಎಂದು ಸುತಿನ್ ಗರಗಸ ಚಾಲೂ ಮಾಡುವ ಹಗ್ಗಕ್ಕೆ ಕೈ ಹಾಕಿದ. "ಬೋಳಿಸೋ ಕೆಲಸ ನಮಗೆ ಬಿಡಿ. ಅದಕ್ಕೇ ಬಂದಿರೋದು."

"ಇವತ್ತು ಬುಧವಾರ ಕಣಯ್ಯಾ! ಬುಧವಾರ ಬೋಳಿಸ್ಬಾರ್ದು!" ಎಂದು ಕೂಗಿದ ಪ್ರಯೂನ್.

"ಸರ್ಕಾರಿ ಗರಗಸಕ್ಕೆ ಬುಧವಾರ ಇಲ್ಲ ಅಣ್ಣಾ."

ಗುರುಗಳು ಕೈ ಎತ್ತಿದರು. "ಮೊದಲ ಕೂದಲು ತೆಗೆಯೋದು ಮನೆಯವರು ತಾನೇ? ಈ ಮರದ ಕಡೆಯವರು ಯಾರು?"

ಪಿಮ್‌ದಾವ್ ಪುಸ್ತಕ ತೆರೆದಳು. ಓದಲು ಅವಳಿಗೆ ಮನಸ್ಸಿರಲಿಲ್ಲ. "ಪ್ರಯೂನ್. ಸಂಬಂಧ... ಪರಿಚಯವಿಲ್ಲ."

ಪ್ರಯೂನ್ ನೆಲ ನೋಡಿದ.

"ಎಲೆ ಅಂದ್ರೆ ಮರಕ್ಕೆ ಅನ್ನ," ಎಂದರು ಗುರುಗಳು. "ಅನ್ನ ಕಿತ್ಕೊಂಡು ಸನ್ಯಾಸ ಕೊಡೋ ಪದ್ಧತಿ ನನಗೆ ಗೊತ್ತಿಲ್ಲ. ಅದರ ಬದಲು ಅದರ ಸಂಬಂಧಿಕರೊಬ್ಬರು ತಲೆ ಕೊಟ್ರೆ ಆಯ್ತು. ಯಾರಾದ್ರೂ ಇದ್ರೆ ಹೇಳಿ. ಇಲ್ಲದಿದ್ರೆ ಈ ಮೇಸ್ತ್ರಿ ತನ್ನ ಕೆಲಸ ಮಾಡ್ಲಿ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಪ್ರಯೂನನ ಕೈ ತಾನಾಗಿಯೇ ತಲೆಗೆ ಹೋಯಿತು. ಮುಂಗುರುಳನ್ನು ಮುಟ್ಟಿತು, ಹಿಂದಕ್ಕೆ ಸವರಿತು. ಅವನು ಮರವನ್ನು ನೋಡಿದ, ಗರಗಸವನ್ನು ನೋಡಿದ, ಕೊನೆಗೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ.

"ಗುರುಗಳೇ, ಹಿಂದಗಡೆಯಿಂದ ಒಂದು ಹಿಡಿ ತೆಗೆದ್ರೆ ಸಾಕಾಗಲ್ವಾ?"

"ಹುಬ್ಬೂ ಸೇರಿಸಿ," ಎಂದರು ಗುರುಗಳು.

ಪ್ರಯೂನ್ ಕುರ್ಚಿಯ ಮೇಲೆ ಕುಳಿತ. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಹೊದಿಸಿದ ಬಿಳಿ ಬಟ್ಟೆಯನ್ನು ತಾನೇ ಕುತ್ತಿಗೆಗೆ ಕಟ್ಟಿಕೊಂಡ. "ಬುಧವಾರ," ಎಂದು ಒಮ್ಮೆ ಗೊಣಗಿದ. ಆಮೇಲೆ ಕತ್ತರಿಯನ್ನು ಹೆಂಡತಿಯ ಕೈಗೆ ಕೊಟ್ಟ.

ಲಮ್ಯಾಯ್ ಮೊದಲ ಗುಚ್ಛ ಕತ್ತರಿಸಿ, ಯಾರೂ ನೋಡದ ಹಾಗೆ ಅದನ್ನು ರವಿಕೆಯ ಜೇಬಿಗೆ ಸೇರಿಸಿಕೊಂಡಳು. ಆಮೇಲೆ ಓಣಿಯವರು ಸಾಲುಗಟ್ಟಿದರು. ಕೇವ್ ಅಜ್ಜಿ ಒಂದು ಗುಚ್ಛ ತೆಗೆದಳು. ಮೇಷ್ಟ್ರು ಕತ್ತರಿ ಹಿಡಿದು, "ನನ್ನ ನೆಲ್ಲಿಗಿಡಕ್ಕೆ ಕಟ್ಟಿದ್ಯಲ್ಲೋ," ಎಂದು ಪಿಸುಗುಟ್ಟಿ, ಸರಿಯಾಗಿ ನಡುನೆತ್ತಿಯಿಂದ ತೆಗೆದರು. ನನ್ನ ಸರದಿ ಬಂದಾಗ ಅವನ ಮುಖ ನೋಡದೆ ಒಂದು ಗುಚ್ಛ ತೆಗೆದೆ. ಈಗ ಹೇಳಿಬಿಡುತ್ತೇನೆ: ಕಂಬಕ್ಕೆ ಕಟ್ಟಿದವನು ನಾನೇ.

ನನ್ನದಾದ ಮೇಲೆ ಗುರುಗಳು ಕತ್ತರಿಯನ್ನು ಸುತಿನ್ ಕಡೆ ಚಾಚಿದರು. "ಬಾ, ನಿನಗೂ ಪುಣ್ಯ ಬರ್ಲಿ."

ಪುಣ್ಯ ಬೇಡ ಎನ್ನುವ ಧೈರ್ಯ ಯಾರಿಗಿದೆ? ಸುತಿನ್ ಗರಗಸ ಕೆಳಗಿಟ್ಟು ಒಂದು ಗುಚ್ಛ ಕತ್ತರಿಸಿದ. ಕತ್ತರಿಸಿ ಮುಗಿದ ಮೇಲೆ ಅವನಿಗೆ ತಾನು ಏನು ಮಾಡಿದೆ ಎಂದು ಹೊಳೆಯಿತು. ಮನೆಯವರ ಸಾಲಿನಲ್ಲಿ ನಿಂತು ಕೂದಲು ತೆಗೆದವನು ಅದೇ ಮರಕ್ಕೆ ಗರಗಸ ಇಡುವುದು ಹೇಗೆ? ಅಷ್ಟರಲ್ಲಿ ಭಿಕ್ಷುಗಳು ಮಂತ್ರ ಹೇಳುತ್ತಾ ಕಾಂಡಕ್ಕೆ ಕಾವಿ ಸುತ್ತಿಯೂ ಆಗಿತ್ತು. ಅವನು ದೂರ ಹೋಗಿ ಆಫೀಸಿಗೆ ಫೋನ್ ಮಾಡಿದ.

"ಕಂಬ ಕ್ಷೇಮವಾಗಿದೆ ಸಾರ್... ಇಲ್ಲ ಸಾರ್, ಮರ ಕಡಿಯೋಕಾಗಲ್ಲ... ಮರ ಅಲ್ಲ ಸಾರ್ ಈಗ, ಪಕ್ಕದಲ್ಲಿ ಒಬ್ಬರು ಸ್ವಾಮಿಗಳು ನಿಂತಿದಾರೆ... ಹೌದು ಸಾರ್, ಕಂಬಕ್ಕೆ ತಾಗ್ತಿದಾರೆ... ಕೈ ತೆಗೀರಿ ಅಂತ ಅವರಿಗೆ ನಾನು ಹೆಂಗ್ ಹೇಳ್ಲಿ ಸಾರ್?"

ಕೊನೆಗೆ ಗುರುಗಳ ಅಪ್ಪಣೆ ಪಡೆದು, ತಂತಿಗೆ ತಾಗುತ್ತಿದ್ದ ಎರಡು ಸಣ್ಣ ರೆಂಬೆಗಳನ್ನು ಉಗುರು ತೆಗೆದಂತೆ ತೆಗೆದು, ಕೈಮುಗಿದು ಲಾರಿ ಹತ್ತಿದ. ಹೆಂಗಸರು ಸನ್ಯಾಸಿಯನ್ನು ಮುಟ್ಟುವಂತಿಲ್ಲ ಎಂದು ಕೇವ್ ಅಜ್ಜಿ ನೆನಪಿಸಿದ್ದರಿಂದ ಲಮ್ಯಾಯ್ ಬಟ್ಟೆ ಹಗ್ಗವನ್ನು ಗಂಡನ ಕೈಯಲ್ಲಿ ಬಿಚ್ಚಿಸಿ ಮನೆಗೆ ಒಯ್ದಳು.

ಮಾರನೆಯ ದಿನ ಪ್ರಯೂನ್ ಒದ್ದೆ ಟವೆಲನ್ನು ತಲೆಗೆ ಹಾಕಿಕೊಂಡು ಬಂದ. ಹುಬ್ಬಿಲ್ಲದ ಮುಖದಲ್ಲಿ ಅವನಿಗೆ ಸಿಟ್ಟೋ ಸಂತೋಷವೋ ತಿಳಿಯುವಂತಿರಲಿಲ್ಲ. ಮರದ ಹತ್ತಿರ ಬಂದು ಟವೆಲ್ ತೆಗೆದ. ಥಟ್ಟನೆ ನಿಂತ. ಕಣ್ಣು ಮುಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಹೋದ, ಮತ್ತೆ ಒಂದು ಹೆಜ್ಜೆ ಮುಂದಕ್ಕೆ ಬಂದ.

"ಏನೋ ಅದು, ಬೆಳಬೆಳಿಗ್ಗೆ ಕುಣಿತ?" ಎಂದರು ಮೇಷ್ಟ್ರು.

"ನೆರಳು ಇಲ್ಲಿಂದ ಶುರುವಾಗುತ್ತೆ ಮೇಷ್ಟ್ರೇ. ಇಷ್ಟು ವರ್ಷ ಕೂದಲಿತ್ತಲ್ಲ, ಗೊತ್ತೇ ಆಗಿರ್ಲಿಲ್ಲ. ತಲೆ ಮೇಲೆ ಯಾರೋ ಕೈ ಇಟ್ಟಂಗಿದೆ."

ಪಿಮ್‌ದಾವ್ ಪುಸ್ತಕ ಹಿಡಿದು ಕಾಯುತ್ತಿದ್ದಳು. ಪ್ರಯೂನ್ 'ಪರಿಚಯವಿಲ್ಲ' ಎಂಬುದನ್ನು ಅಡ್ಡ ಗೀಟು ಹಾಕಿ ಹೊಡೆದು, ಪಕ್ಕದಲ್ಲಿ 'ಅಣ್ಣ' ಎಂದು ಬರೆದ.

"ಹಾಗೆಲ್ಲ ಬರೀಬೇಡ್ವೋ," ಎಂದು ಮೇಷ್ಟ್ರು ಗಾಬರಿಯಾದರು. "ನಾಳೆ ಅದನ್ನೇ ಹಿಡ್ಕೊಂಡು ಏನಾದ್ರೂ ಕೇಳ್ತಾರೆ."

"ಕೇಳ್ಲಿ. ತಲೇನೇ ಕೊಟ್ಟಾಯ್ತು."

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಆಚೆ ಈಚೆ ನೋಡಿ ಪೆನ್ನು ತೆಗೆದುಕೊಂಡರು. ಕೆಳಗಿನ ಸಾಲಿನಲ್ಲಿ ತಮ್ಮ ಹೆಸರು ಬರೆದು ಮುಂದೆ 'ದೂರದ ಸಂಬಂಧಿ' ಎಂದು ಸೇರಿಸಿದರು.

ಪುಸ್ತಕ ನನ್ನ ಕಡೆ ಬಂತು. ನಾನು ಹಾಲು ಉಕ್ಕುತ್ತಿದೆ ಎಂದು ಗಾಡಿಯ ಹಿಂದೆ ಬಗ್ಗಿದೆ. ಎದ್ದಾಗ ಪ್ರಯೂನ್ ನನ್ನ ಮುಂದೆಯೇ ನಿಂತಿದ್ದ. ಕೈಯಲ್ಲಿ ಒಂಬತ್ತರ ಬಿಳಿ ಪಟ್ಟಿ ಇತ್ತು.

"ಕಂಬದಿಂದ ಬಿಚ್ಚಿದೆ ಕಣೋ," ಎಂದ ಮೆಲ್ಲಗೆ. "ಗಂಟಿನ ತುಂಬ ಕಾಫಿ ಪುಡಿ."

ಅವನು ಕುರ್ಚಿಯ ಮೇಲಿನ ಧೂಳು ಝಾಡಿಸಿ, ಬಿಳಿ ಬಟ್ಟೆ ಕೊಡವಿ, ಪಕ್ಕಕ್ಕೆ ಸರಿದು ನಿಂತ.

"ಕೂತ್ಕೋ," ಎಂದ. "ಇವತ್ತು ಗುರುವಾರ."

ಕೂತೆ. ಬೇರೆ ದಾರಿ ಇರಲಿಲ್ಲ. ಹುಬ್ಬನ್ನಾದರೂ ಬಿಡು ಎಂದು ಕೇಳಿಕೊಂಡೆ. ಗುರುಗಳ ಮಾತು ಮೀರುವಂತಿಲ್ಲ ಎಂದ. ಅದೆಲ್ಲ ಮುಗಿದು ಕನ್ನಡಿಯಲ್ಲಿ ಯಾರೋ ಅಪರಿಚಿತ ಕಾಣಿಸಿದ ಮೇಲೆ, ಮೇಲಿಂದ ಒಂದು ಎಲೆ ಬಂದು ನನ್ನ ಬೋಳುತಲೆಯ ಮೇಲೆ ಕೂತಿತು. ತಣ್ಣಗಿತ್ತು. ನಾನು ಅದನ್ನು ತೆಗೆಯಲಿಲ್ಲ.